ಕುದುರೆ ರಾಶಿ (ಚೀನೀ ಜ್ಯೋತಿಷ)

ಚೀನೀ ವರ್ಷಚಕ್ರದ ಹನ್ನೆರಡು ಪ್ರಾಣಿಗಳಲ್ಲಿ ಏಳನೆಯದು. ಹಗಲು 11ರಿಂದ 1 ಗಂಟೆಯ ಹೊತ್ತು ಇದರದು, ಮೂಲತತ್ತ್ವ ಬೆಂಕಿ. ಚೀನೀ ಪಂಚತತ್ತ್ವಗಳಲ್ಲಿ ನಮ್ಮ ಗಾಳಿ, ಆಕಾಶಗಳಿಲ್ಲ, ಮರ, ಲೋಹಗಳಿವೆ. ಕುದುರೆ ವರ್ಷ 12 ವರ್ಷಕ್ಕೊಮ್ಮೆ ಬಂದರೂ ಪ್ರತಿ ಸಲ ತತ್ತ್ವ ಬೇರೆ: 1978 ಮಣ್ಣು, 1990 ಲೋಹ, 2002 ನೀರು, 2014 ಮರ. ಹೀಗಾಗಿ ಒಂದೇ ಜೋಡಿ ಮರಳುವುದು, ನಮ್ಮ ಸಂವತ್ಸರಗಳಂತೆಯೇ, 60 ವರ್ಷಕ್ಕೆ. 2026ರ ಫೆಬ್ರವರಿ 17ರಂದು ಆರಂಭವಾಗುವುದು ಬೆಂಕಿ-ಕುದುರೆ ವರ್ಷ; ಅದೇ ವರ್ಷದ ಜನವರಿಯಲ್ಲಿ ಹುಟ್ಟಿದವರು ಹಿಂದಿನ ಹಾವಿನ ವರ್ಷದ ಲೆಕ್ಕಕ್ಕೇ ಸೇರುತ್ತಾರೆ.

ಚುರುಕು, ಮಾತುಗಾರಿಕೆ, ಅಸಹನೆ ಈ ರಾಶಿಯವರ ಗುಣಗಳೆಂಬ ನಂಬಿಕೆಗೆ ಆಧಾರವಿಲ್ಲ. ಆದರೆ ನಂಬಿಕೆಯ ಪರಿಣಾಮ ಮಾತ್ರ ನಿಜ. ಬೆಂಕಿ-ಕುದುರೆ ವರ್ಷದ ಹೆಣ್ಣು ಗಂಡನಿಗೆ ಕೇಡು ಎಂಬ ಭಯದಿಂದ ಜಪಾನಿನಲ್ಲಿ 1966ರ ಜನನಗಳು ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕುಸಿದು, ಮರುವರ್ಷವೇ ಚೇತರಿಸಿಕೊಂಡವು.