ಬೇಲಿ, ಮರ, ಹಣ್ಣು: ತತ್ತ್ವಶಾಸ್ತ್ರದ ಶಾಖೆಗಳ ಹಿನ್ನೆಲೆ

‘ಫಿಲಾಸಫಿ’ ಎಂಬ ಶಬ್ದದ ಗ್ರೀಕ್ ಮೂಲಾರ್ಥ ಜ್ಞಾನಪ್ರೀತಿ. ನಮ್ಮ ‘ದರ್ಶನ’ವೆಂದರೆ ಕಾಣ್ಕೆ. ಮೊದಲನೆಯದು ಹಂಬಲವನ್ನು ಹೇಳಿದರೆ ಎರಡನೆಯದು ಕಂಡದ್ದನ್ನು ಹೇಳುತ್ತದೆ. ಎರಡರಲ್ಲಿಯೂ ಶಾಖೆಗಳ ಸುಳಿವಿಲ್ಲ. ಹಾಗಾದರೆ ಪಠ್ಯಪುಸ್ತಕಗಳ ಆರಂಭದಲ್ಲಿಯೇ ನಮಗೆ ಎದುರಾಗುವ ಶಾಖೆಗಳ ಪಟ್ಟಿ ಬಂದದ್ದೆಲ್ಲಿಂದ?

ಕ್ರಿ.ಪೂ. 300ರ ಸುಮಾರಿಗೆ ಅಥೆನ್ಸಿನಲ್ಲಿ ಝೀನೋ ಆರಂಭಿಸಿದ ಸ್ಟೋಯಿಕ್ ಪಂಥದವರು ತತ್ತ್ವಶಾಸ್ತ್ರವನ್ನು ತರ್ಕ, ಪ್ರಕೃತಿವಿಚಾರ, ನೀತಿ ಎಂದು ಮೂರಾಗಿ ವಿಂಗಡಿಸಿದರು. ಅದಕ್ಕೆ ಅವರು ಕೊಟ್ಟ ಹೋಲಿಕೆ ಫಲವತ್ತಾದ ಹೊಲದ್ದು. ತರ್ಕವು ಸುತ್ತಲಿನ ಬೇಲಿ, ಪ್ರಕೃತಿವಿಚಾರವು ಮಣ್ಣು ಮತ್ತು ಮರ, ನೀತಿಯು ಹಣ್ಣು. ಬೇಲಿಯಿಲ್ಲದೆ ಹಣ್ಣು ಉಳಿಯದು, ನಿಜ. ಆದರೆ ಬೇಲಿಗಾಗಿಯೇ ಯಾರೂ ಬೇಸಾಯ ಮಾಡುವುದಿಲ್ಲ.

ಉಳಿದ ಹೆಸರುಗಳು ಬೇರೆ ಬೇರೆ ಕಾಲದವು. ಸತ್ತಿನ ಸ್ವರೂಪವನ್ನು ವಿಚಾರಿಸುವ ‘ಮೆಟಾಫಿಸಿಕ್ಸ್’ ಎಂಬ ಹೆಸರು ಬಂದದ್ದು, ಅರಿಸ್ಟಾಟಲನ ಕೃತಿಗಳನ್ನು ಜೋಡಿಸುವಾಗ ಅದನ್ನು ಭೌತವಿಚಾರದ ಗ್ರಂಥಗಳ ನಂತರ ಇರಿಸಿದ್ದರಿಂದ ಎಂಬುದು ರೂಢಿಯ ವಿವರಣೆ. ಸೌಂದರ್ಯಮೀಮಾಂಸೆಗೆ ‘ಈಸ್ಥೆಟಿಕ್ಸ್’ ಎಂಬ ಹೆಸರಿನ ಮೂಲರೂಪವನ್ನು ಜರ್ಮನಿಯ ಬೌಮ್‌ಗಾರ್ಟನ್ 1735ರಲ್ಲಿ ಬಳಸಿದನು. ಜ್ಞಾನಮೀಮಾಂಸೆಯ ಇಂಗ್ಲಿಷ್ ಹೆಸರು ‘ಎಪಿಸ್ಟಮಾಲಜಿ’ಯನ್ನು ಸ್ಕಾಟ್ಲೆಂಡಿನ ಫೆರಿಯರ್ 1854ರ ತನ್ನ ಗ್ರಂಥದಲ್ಲಿ ಪ್ರಚಾರಕ್ಕೆ ತಂದನು. ಪ್ರಶ್ನೆಗಳು ಪುರಾತನ, ಹಣೆಪಟ್ಟಿಗಳು ಈಚಿನವು. ಸರ್ಕಾರಿ ಕಚೇರಿಯಲ್ಲಿ ದಿನ ಕಳೆಯುವ ನಮಗೆ ಇದು ಅಪರಿಚಿತವಲ್ಲ. ಕಡತ ಯಾವ ವಿಭಾಗದ್ದೆಂದು ತೀರ್ಮಾನವಾಗುವುದರೊಳಗೆ ಅದರೊಳಗಿನ ಅರ್ಜಿದಾರನು ಮರೆತುಹೋಗಿರುತ್ತಾನೆ.

ಈ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿದವನು ಎಪಿಕ್ಟೆಟಸ್. ಗುಲಾಮನಾಗಿದ್ದು ಬಿಡುಗಡೆ ಪಡೆದ ಈತನು ತಾನಾಗಿ ಏನನ್ನೂ ಬರೆಯಲಿಲ್ಲ. ಶಿಷ್ಯ ಆರಿಯನ್ ಅವನ ಮಾತುಗಳನ್ನು ದಾಖಲಿಸಿದನು. ಅವನ ವಾದ ಹೀಗಿದೆ: ಸುಳ್ಳಾಡದಿರುವುದು ಮೊದಲ ಪಾಠ, ಏಕೆ ಆಡಬಾರದೆಂಬ ಪ್ರಮಾಣ ಎರಡನೆಯದು, ಪ್ರಮಾಣವೆಂದರೇನೆಂಬ ಚರ್ಚೆ ಮೂರನೆಯದು. ನಾವಾದರೋ ಮೂರನೆಯದರಲ್ಲಿಯೇ ಕಾಲ ಕಳೆಯುತ್ತೇವೆ. ಆದುದರಿಂದ ಸುಳ್ಳನ್ನೂ ಆಡುತ್ತೇವೆ, ಸುಳ್ಳಾಡಬಾರದೆಂಬುದಕ್ಕೆ ಪ್ರಮಾಣವನ್ನೂ ಸಿದ್ಧವಾಗಿಟ್ಟುಕೊಂಡಿರುತ್ತೇವೆ.

ಭಾರತೀಯ ದರ್ಶನಗಳನ್ನು ಈ ಪಾಶ್ಚಾತ್ಯ ಶಾಖೆಗಳಲ್ಲಿ ಹೇಗೆ ಹೊಂದಿಸುವುದು? ಮೈಸೂರಿನ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ದರ್ಶನಗಳ ಜ್ಞಾನವಿಚಾರ, ಸತ್ತಿನ ವಿಚಾರಗಳನ್ನು ನಿರೂಪಿಸಿ, ಅವು ಬೋಧಿಸುವ ಸಾಧನೆಯ ಮಾರ್ಗಕ್ಕೂ ಪ್ರತ್ಯೇಕ ಸ್ಥಾನ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅವರು ವರ್ಷಗಟ್ಟಲೆ ಮಾಡಿದ ಪಾಠಗಳೇ ಆ ಗ್ರಂಥಕ್ಕೆ ಆಧಾರ. ಇಂಗ್ಲಿಷ್ ಸಾಹಿತ್ಯದ ಓದಿನಿಂದ ಬಂದ ನಮ್ಮನ್ನು ಮೊದಲು ಹಿಡಿದು ಕೂರಿಸಿದ್ದು ಆ ಸಾಧನೆಯ ಪುಟಗಳು. ಜ್ಞಾನಮೀಮಾಂಸೆಯ ಪುಟಗಳಿಗೆ ಹಿಂದಿರುಗಿದ್ದು ಆಮೇಲೆ.