ಬಂದೂಕಿನ ಮರ ಹೇಳುವ ಇತಿಹಾಸ

ಕಾಲೇಜಿನಲ್ಲಿ ಎನ್.ಸಿ.ಸಿ. ಕೆಡೆಟ್ ಆಗಿದ್ದಾಗ ನಮಗೆ ಪಾಯಿಂಟ್ ಟೂ ಟೂ ರೈಫಲ್ ಕೊಡುತ್ತಿದ್ದರು. ಗುಂಡು ಹಾರಿಸಿದ್ದು ನೆನಪಿರುವುದಕ್ಕಿಂತ ಅದನ್ನು ಒರೆಸಿದ್ದೇ ನನಗೆ ಹೆಚ್ಚು ನೆನಪಿದೆ. ನಳಿಗೆಯೊಳಗೆ ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಸಿಕ್ಕಿಸಿ ಎಳೆಯುವುದು ಒಂದು ಕೆಲಸ. ಮರದ ಭಾಗಕ್ಕೆ ಅಗಸೆ ಎಣ್ಣೆ ಸವರುವುದು ಇನ್ನೊಂದು ಕೆಲಸ. ಜೋಳದ ರೊಟ್ಟಿಯ ಜೊತೆ ಅಗಸಿ ಹಿಂಡಿ ತಿಂದು ಬೆಳೆದ ನಮಗೆ ಆ ವಾಸನೆ ಹೊಸದೇನಲ್ಲ. ಆದರೆ ಬ್ರಿಟನ್ನಿನ ಸೈನ್ಯವೂ ತನ್ನ ಬಂದೂಕುಗಳ ಮರವನ್ನು ಇದೇ ಅಗಸೆ ಎಣ್ಣೆಯಿಂದ ಕಾಪಾಡಿತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಉರ್ದು ಕಲಿಸುವವನಾದ್ದರಿಂದ ಪದಗಳ ಬಗ್ಗೆ ಒಂದು ಮಾತು. ನಾವು ಕನ್ನಡದಲ್ಲಿ ‘ಬಂದೂಕು’ ಎನ್ನುವುದು ಅರಬ್ಬಿಯ ‘ಬುಂದುಕ್’ನಿಂದ ಬಂದದ್ದು. ಅದು ಮೊದಲು ಒಂದು ಜಾತಿಯ ಕಾಯಿಯ ಹೆಸರು, ನಂತರ ಅದರಂತೆ ದುಂಡಗಿರುವ ಗುಂಡಿಗೆ, ಕೊನೆಗೆ ಗುಂಡು ಹಾರಿಸುವ ಆಯುಧಕ್ಕೇ ಹೆಸರಾಯಿತು. ಹಿಂಭಾಗದ ಮರದ ಹಿಡಿಗೆ ಉರ್ದುವಿನಲ್ಲಿ ‘ಕುಂದಾ’ ಎನ್ನುತ್ತಾರೆ.

ಈ ಲೇಖನದಲ್ಲಿ ಹೇಳಹೊರಟಿರುವುದು ‘ತ್ರೀ ನಾಟ್ ತ್ರೀ’ ಎಂದು ನಮ್ಮಲ್ಲಿ ಮನೆಮಾತಾಗಿರುವ ಲೀ-ಎನ್‌ಫೀಲ್ಡ್ ರೈಫಲಿನ ಮರದ ಬಗ್ಗೆ. ಎನ್‌ಫೀಲ್ಡ್ ಎಂಬ ಹೆಸರನ್ನು ವಿದ್ಯಾರ್ಥಿಗಳು 1857ರ ಪಾಠದಲ್ಲೇ ಓದಿರುತ್ತಾರೆ. ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಆ ಕಾಡತೂಸುಗಳಿಗೆ ದನದ ಮತ್ತು ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿ, ಮೀರತ್ತಿನಲ್ಲಿ ಮೂರನೇ ಅಶ್ವದಳದ 85 ಸವಾರರು, ಹಿಂದೂಗಳೂ ಮುಸ್ಲಿಮರೂ ಕೂಡಿ, ಅವನ್ನು ಮುಟ್ಟಲು ನಿರಾಕರಿಸಿದರು. ಆ ದಂಗೆಯ ನಂತರ ಬ್ರಿಟಿಷರು ಬಹುಕಾಲ ಭಾರತೀಯ ಸಿಪಾಯಿಗಳಿಗೆ ಒಳ್ಳೆಯ ಬಂದೂಕು ಕೊಡಲಿಲ್ಲ. ತಮ್ಮ ಸೈನಿಕರ ಕೈಯಲ್ಲಿರುವುದಕ್ಕಿಂತ ಒಂದು ತಲೆಮಾರು ಹಳೆಯದನ್ನೇ ಕೊಡುತ್ತಿದ್ದರು. 1914ರ ಸೆಪ್ಟೆಂಬರಿನಲ್ಲಿ ಭಾರತೀಯ ಪಡೆಗಳು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದಾಗ, ತಂದಿದ್ದ ರೈಫಲುಗಳನ್ನು ಅಲ್ಲೇ ಒಪ್ಪಿಸಿ ಹೊಸ ಮಾದರಿಯವನ್ನು ಪಡೆಯಬೇಕಾಯಿತು. ಕೆಲವೇ ವಾರಗಳಲ್ಲಿ ಅವರು ಯುದ್ಧರಂಗದಲ್ಲಿದ್ದರು.

1907ರ ‘ಮಾರ್ಕ್ ಥ್ರೀ’ ಮಾದರಿ ಭಾರತದಲ್ಲೇ ತಯಾರಾಯಿತು. ಬಂಗಾಳದ ಇಛಾಪುರದಲ್ಲಿ, ಹಳೆಯ ಮದ್ದಿನ ಕಾರ್ಖಾನೆ ಇದ್ದ ಕಡೆ, 1904ರಲ್ಲಿ ರೈಫಲ್ ಕಾರ್ಖಾನೆ ಶುರುವಾಗಿತ್ತು. ಮಂಗಲ್ ಪಾಂಡೆ ಬಂದೂಕು ಎತ್ತಿದ ಬ್ಯಾರಕ್‌ಪುರ ಅಲ್ಲಿಗೆ ಹತ್ತಿರದಲ್ಲೇ ಇದೆ. 1962ರ ಚೀನಾ ಯುದ್ಧದಲ್ಲೂ ನಮ್ಮ ಜವಾನರ ಹೆಗಲ ಮೇಲೆ ಇದ್ದದ್ದು ಇದೇ ರೈಫಲು. ಉತ್ತರ ಪ್ರದೇಶದ ಪೊಲೀಸರು ಇದನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದಂದು.

ಇಷ್ಟು ವರ್ಷ ದುಡಿದ ಆಯುಧದ ಕಬ್ಬಿಣವನ್ನು ಎಲ್ಲರೂ ನೋಡುತ್ತಾರೆ, ಮರವನ್ನು ನೋಡುವವರು ಕಡಿಮೆ. ಇಂಗ್ಲೆಂಡಿನಲ್ಲಿ ಇದಕ್ಕೆ ಆಕ್ರೋಟು ಮರ ಮೊದಲ ಆಯ್ಕೆ. ಎರಡನೇ ಮಹಾಯುದ್ಧದಲ್ಲಿ ಅದು ಸಾಲದೆ ಬೇರೆ ಮರಗಳೂ ಬಂದವು. ಆಸ್ಟ್ರೇಲಿಯಾದವರು ತಮ್ಮ ಕಾಡಿನ ಮರವನ್ನೇ ಬಳಸಿದರು. ಕುಂದಾದ ಬಲಮಗ್ಗುಲಲ್ಲಿ ಹಿತ್ತಾಳೆಯ ಒಂದು ಬಿಲ್ಲೆ. ಅದರಲ್ಲಿ ಪಲ್ಟನ್ನಿನ ಗುರುತು ಮತ್ತು ಬಂದೂಕಿನ ಸಂಖ್ಯೆ. ಮುಂಭಾಗದ ಮರದ ತುದಿಯ ಕೆಳಗೆ ಕ್ರಮಸಂಖ್ಯೆ. ಅಲ್ಲಲ್ಲಿ ಪರೀಕ್ಷಕರ ಮುದ್ರೆಗಳು, ಭಾರತ ಸರಕಾರದ ಸ್ವತ್ತೆಂದು ತೋರಿಸುವ ಬಾಣದ ಗುರುತು ಮತ್ತು ‘ಐ’ ಅಕ್ಷರ. ಬಂದೂಕಿನಿಂದ ಗ್ರೆನೇಡ್ ಹಾರಿಸುವಾಗ ಮರ ಸೀಳಬಾರದೆಂದು ಕೆಲವು ರೈಫಲುಗಳ ಮುಂಭಾಗಕ್ಕೆ ತಂತಿ ಸುತ್ತಿರುತ್ತಾರೆ.

ಇಂಥ ರೈಫಲು ಮ್ಯೂಸಿಯಂಗೋ, ಹೊರದೇಶದ ಸಂಗ್ರಾಹಕರಿಗೋ ಸಿಕ್ಕಾಗ ಅದರ ಮರ ಕಪ್ಪಾಗಿ, ಜಿಡ್ಡಾಗಿ, ತಗ್ಗುಬಿದ್ದು ಇರುತ್ತದೆ. (ನಮ್ಮ ದೇಶದಲ್ಲಿ ಈ ಅಳತೆಯ ರೈಫಲು ಸಾಮಾನ್ಯ ಲೈಸೆನ್ಸಿಗೆ ಸಿಗುವಂಥದ್ದಲ್ಲ.) ಆಗ ಕೈಗೆ ಮೊದಲು ಬರುವುದು ಮರಳು ಕಾಗದ. ತಿಕ್ಕಿದರೆ ಒಂದೇ ಗಂಟೆಯಲ್ಲಿ ಮರ ಹೊಸದಾಗುತ್ತದೆ. ಮುದ್ರೆಗಳೆಲ್ಲ ಪುಡಿಯಾಗಿ ನೆಲಕ್ಕೆ ಬೀಳುತ್ತವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ, ಬಂದೂಕಿಗಲ್ಲ, ನಮ್ಮ ದಾದಾನ ಮರದ ಪೆಟ್ಟಿಗೆಗೆ. ಬಿ.ಎಡ್. ಮುಗಿಸಿದ ವರ್ಷದ ಬೇಸಿಗೆ ರಜೆಯಲ್ಲಿ ಉತ್ಸಾಹದಿಂದ ಅದನ್ನು ಒಳಗೂ ಹೊರಗೂ ತಿಕ್ಕಿ ವಾರ್ನಿಷ್ ಹಚ್ಚಿದೆ. ಅಬ್ಬಾ ಬಂದು ಮುಚ್ಚಳ ತೆರೆದು ನೋಡಿ, “ಇಲ್ಲಿ ಬರೆದದ್ದು ಎಲ್ಲಿ ಹೋಯ್ತಪಾ?” ಎಂದು ಕೇಳಿದರು. ಮಕ್ಕಳು ಹುಟ್ಟಿದ ದಿನಗಳನ್ನೆಲ್ಲ ದಾದಾ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಉರ್ದುವಿನಲ್ಲಿ ಬರೆದಿಟ್ಟಿದ್ದರಂತೆ. ಕೊಳೆ ಎಂದುಕೊಂಡು ನಾನು ತೆಗೆದದ್ದು ಅದನ್ನೇ. ಶಾಲೆಯ ದಾಖಲೆಯಲ್ಲಿ ಅಬ್ಬಾ ಹುಟ್ಟಿದ್ದು ಜೂನ್ 1. ಆ ಕಾಲದ ಅರ್ಧ ಊರು ಹುಟ್ಟಿದ್ದೇ ಜೂನ್ 1 ಎಂಬುದು ಶಿಕ್ಷಕರಾದ ನಮಗೆಲ್ಲ ಗೊತ್ತು. ನಿಜವಾದ ತಾರೀಖು ಅವರಿಗೂ ಬಾಯಿಪಾಠವಿರಲಿಲ್ಲ. ಪೆಟ್ಟಿಗೆಯಲ್ಲಿದೆ ಎಂಬ ಧೈರ್ಯವಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾದರೆ ತಿಳಿದವರು ಏನು ಮಾಡುತ್ತಾರೆ? ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೊದಲು ಮುಂಭಾಗದ ಮರವನ್ನು ಬಿಚ್ಚುತ್ತಾರೆ. ಈ ಕ್ರಮ ತಪ್ಪಬಾರದು. ಕುಂದಾವನ್ನು ಹಿಡಿದಿರುವ ಉದ್ದನೆಯ ಬೋಲ್ಟಿನ ಚೌಕ ತುದಿ ಮುಂಭಾಗದ ಮರದಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನೇ ಮೊದಲು ತಿರುಗಿಸಿದರೆ ಆ ಮರ ಸೀಳುತ್ತದೆ. ಎಷ್ಟೋ ಹಳೆಯ ರೈಫಲುಗಳು ಯುದ್ಧದಲ್ಲಿ ಉಳಿದು ಹೀಗೆ ಮೇಜಿನ ಮೇಲೆ ಹಾಳಾಗಿವೆ. ಮೇಲಿನ ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಾರೆ. ಒಳಗೆ ಇಳಿದ ಕಪ್ಪು ಎಣ್ಣೆಯನ್ನು ತೆಗೆಯಲು ಸೀಮೆಸುಣ್ಣದ ಪುಡಿಯನ್ನು ಕಲಸಿ ಲೇಪಿಸಿ ಬಿಸಿಲಿಗಿಡುತ್ತಾರೆ. ಮರ ಬೆಚ್ಚಗಾದಂತೆ ಎಣ್ಣೆ ಮೇಲೆ ಬಂದು ಪುಡಿಗೆ ಹೀರಿಕೊಳ್ಳುತ್ತದೆ. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ, ಅದುಮಿಹೋದ ಮರ ಹಬೆ ಕುಡಿದು ಮೇಲೇಳುತ್ತದೆ. ಕಡಿದು ಹೋದ ಗಾಯ ಮಾತ್ರ ಏಳುವುದಿಲ್ಲ, ಅದನ್ನು ಹಾಗೆಯೇ ಬಿಡಬೇಕು.

ಕೊನೆಗೆ ಅಗಸೆ ಎಣ್ಣೆ. ಅಂಗೈಯಲ್ಲಿ ಕೆಲವೇ ಹನಿ ತೆಗೆದುಕೊಂಡು, ಅಂಗೈಯ ಶಾಖದಿಂದಲೇ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ ಒಣಗಲು ಬಿಡಬೇಕು. ದಿನಕ್ಕೊಮ್ಮೆ ಒಂದು ವಾರ, ವಾರಕ್ಕೊಮ್ಮೆ ಒಂದು ತಿಂಗಳು, ತಿಂಗಳಿಗೊಮ್ಮೆ ಒಂದು ವರ್ಷ ಎಂಬುದು ಹಳಬರ ಲೆಕ್ಕ. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬೆಂಕಿಕಡ್ಡಿ ಇಲ್ಲದೆಯೇ ಹತ್ತಿಕೊಳ್ಳಬಹುದು. ವಿಜ್ಞಾನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮನೆಯ ಮೇಜಿಗೆ ಈ ಎಣ್ಣೆ ಹಚ್ಚುವವರು ಬಟ್ಟೆಯನ್ನು ಹರವಿ ಒಣಗಿಸಬೇಕು.

ಮುಂದೆ ಯಾವುದಾದರೂ ಮ್ಯೂಸಿಯಮ್ಮಿನಲ್ಲಿ ಈ ರೈಫಲನ್ನು ಕಂಡರೆ ಕುಂದಾದ ಬಲಮಗ್ಗುಲನ್ನು ನೋಡಿರಿ. ಮೊದಲ ಮಹಾಯುದ್ಧದ ನಡುವೆ, ತಯಾರಿಕೆ ಬೇಗ ಆಗಲೆಂದು, ಬ್ರಿಟಿಷರು ಆ ಹಿತ್ತಾಳೆ ಬಿಲ್ಲೆಯನ್ನೇ ಕೈಬಿಟ್ಟರು. ಹೀಗಾಗಿ ಕೆಲವದರಲ್ಲಿ ಬಿಲ್ಲೆ ಇರುತ್ತದೆ, ಕೆಲವದರಲ್ಲಿ ಬರೀ ಮರ ಇರುತ್ತದೆ.