ಪೂಜೆ ನಿಂತ ಬಸದಿಯ ವಿನಿಯೋಗ: ಗಾಣಗಿತ್ತಿ ಬಸದಿಯನ್ನು ಕುರಿತು

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಬದಿಯಲ್ಲಿರುವ ಗಾಣಗಿತ್ತಿ ಬಸದಿಯು ವಾಸ್ತವವಾಗಿ ಕುಂಥುಜಿನಾಲಯ. ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು ಇದನ್ನು ಶಕವರ್ಷ 1307ರಲ್ಲಿ (ಕ್ರಿ.ಶ. 1385-86) ಕಟ್ಟಿಸಿದನೆಂದು ಎದುರಿನ ಕಂಬದ ಸಂಸ್ಕೃತ ಶಾಸನವು ತಿಳಿಸುತ್ತದೆ. ಮೂಲಸಂಘ, ನಂದಿಸಂಘ, ಬಲಾತ್ಕಾರಗಣದ ಆಚಾರ್ಯಪರಂಪರೆಯನ್ನು ಹೇಳಿ, ಇರುಗಪ್ಪನ ಗುರು ಸಿಂಹನಂದಿಯವರನ್ನು ಅದು ಸ್ತುತಿಸುತ್ತದೆ. ಇಂದು ಗರ್ಭಗೃಹ ಬರಿದಾಗಿದೆ. ಪೂಜೆಯಿಲ್ಲ, ಪ್ರೇಕ್ಷಕರುಂಟು.

ಬರಿದಾದ ದೇವಗೃಹವನ್ನು ಆಳುವವರು ಮನಬಂದಂತೆ ಬಳಸಿದ ಕಾಲವೂ ಇತ್ತು. ಅಹಮದಾಬಾದಿನ ಸಿದಿ ಸಯ್ಯದ್ ಮಸೀದಿಯಲ್ಲಿ ತಹಶೀಲ್ದಾರರ ಕಚೇರಿ ನಡೆದಿತ್ತು. ಲಾರ್ಡ್ ಕರ್ಜನ್ ಇಂಥವನ್ನು ತೆರವು ಮಾಡಿಸಿದನು. ಪೂಜಾಸ್ಥಾನವಾಗಿರುವ ಸಂರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ವಿರುದ್ಧವಾಗಿ ಬಳಸಕೂಡದೆಂಬ ವಿಧಿ 1904ರ ಕಾಯಿದೆಯಲ್ಲಿ ಬಂದು, 1958ರ ಕಾಯಿದೆಯಲ್ಲಿಯೂ ಉಳಿದಿದೆ. ಆದರೆ ಬಸದಿಯ ಸ್ವರೂಪವೆಂದರೇನು?

ಇದಕ್ಕೆ ಉತ್ತರವನ್ನು ದತ್ತಿಶಾಸನಗಳಲ್ಲಿಯೇ ಅರಸಬೇಕು. ಬಸದಿಗೆ ಬಿಟ್ಟ ಭೂಮಿಯ ಆದಾಯವು ಅಷ್ಟವಿಧಾರ್ಚನೆಗಷ್ಟೇ ಅಲ್ಲದೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಋಷಿಯರ ಆಹಾರದಾನಕ್ಕೂ ಸಲ್ಲತಕ್ಕುದೆಂದು ಅವು ಮತ್ತೆ ಮತ್ತೆ ಹೇಳುತ್ತವೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧದಾನಕ್ಕೆ ಬಸದಿಯೇ ನೆಲೆ. ಅರ್ಚನೆ ನಿಂತ ಮಾತ್ರಕ್ಕೆ ಶಾಸ್ತ್ರದಾನವೂ ನಿಲ್ಲಬೇಕೆಂಬ ನಿಯಮವಿಲ್ಲ.

ಹಾಗೆಂದು ಇಂಥ ಬಸದಿಗಳಲ್ಲಿ ಓಲೆಗರಿಗಳನ್ನು ಇರಿಸುವುದು ಸರ್ವಥಾ ಸಲ್ಲದು. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳು ಉಳಿದುದು ಕಲ್ಲಿನ ಗೋಡೆಯಿಂದಲ್ಲ, ಕಾಯುವವರಿದ್ದುದರಿಂದ. ಕಾವಲಿಲ್ಲದ ಕಲ್ಲುಕಟ್ಟಡದಲ್ಲಿ ತೇವವೂ ಹುಳುವೂ ಗರಿಗಳನ್ನು ಬೇಗನೆ ತಿಂದುಹಾಕುತ್ತವೆ. ಪ್ರತಿಗಳು ಭಂಡಾರಗಳಲ್ಲಿಯೇ ಇರಲಿ. ಪಠನವು ಬಸದಿಯಲ್ಲಿ ನಡೆಯಲಿ. ಸಭೆ ಸೇರಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಗೋಡೆಗೆ ಮೊಳೆ ಹೊಡೆಯದೆ, ದೀಪದ ಮಸಿ ತಾಗಿಸದೆ, ವರ್ಷಕ್ಕೊಮ್ಮೆ ಶ್ರುತಪಂಚಮಿಯಂದು ನಡೆಸುವ ಸ್ವಾಧ್ಯಾಯಕ್ಕೆ ಇಷ್ಟು ಸಾಕು.

ಗಾಣಗಿತ್ತಿ ಬಸದಿಗೆ ಇದು ವಿಶೇಷವಾಗಿ ಒಪ್ಪುತ್ತದೆ. ಸಂಸ್ಕೃತ ನಿಘಂಟು 'ನಾನಾರ್ಥರತ್ನಮಾಲಾ' ಇರುಗಪ್ಪ ದಂಡನಾಯಕನ ಕೃತಿಯೆಂದು ಪ್ರಸಿದ್ಧ. ಅದೇ ವಂಶದಲ್ಲಿ ಅದೇ ಹೆಸರಿನ ಇನ್ನೊಬ್ಬನನ್ನು 1422ರ ಶ್ರವಣಬೆಳ್ಗೊಳದ ಶಾಸನ ಹೇಳುವುದರಿಂದ ಕರ್ತೃವಿಚಾರಕ್ಕೆ ಎಡೆಯಿದೆ. ಪಂಡಿತರು ಚರ್ಚಿಸಬೇಕಾದ ವಿಷಯವೇ ಅದು. ಕಂಬದ ಶಾಸನವನ್ನು ಕಂಬದೆದುರಿಗೇ ಓದಿ, ಬಳಿಕ ನಿಘಂಟಿನ ಪಾಠಾಂತರಗಳನ್ನು ಕೈಬರಹದ ನಕಲುಗಳಿಂದ ತೂಗಿ ನೋಡುವ ಕೆಲಸವನ್ನು ಆ ಮಂಟಪದಲ್ಲಿ ಒಂದು ದಿನದಲ್ಲಿಯೇ ಆರಂಭಿಸಬಹುದು.